ಮುಖವೊಂದು ಬಿಟ್ಟು ಮಿಕ್ಕಿದ್ದೆಲ್ಲ

ಎದ್ಮೆ ಬ್ರಿಸಾರಳಿಗೆ ಕೋಪ ಬರುತ್ತಿತ್ತು ಎಂದು ಹೇಳಿದರೆ ತಪ್ಪಾಗುತ್ತದೆ. ಬಂದು ಹೋಗುವವರು ನೆಂಟರು. ಅವಳ ಕೋಪ ಮನೆಯವರ ಹಾಗೆ ಅವಳಲ್ಲೇ ಇತ್ತು. ಬೆಳಿಗ್ಗೆ ಅವಳ ಜೊತೆಗೇ ಏಳುತ್ತಿತ್ತು, ಬಿಸಿ ಸಾರಿನಲ್ಲಿ ಅದ್ದಿದ ಒಣ ರೊಟ್ಟಿಯನ್ನು ಅವಳ ಜೊತೆಗೇ ತಿನ್ನುತ್ತಿತ್ತು, ಆಮೇಲೆ ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತಿ ಕಾಗದಕ್ಕೆ ಅಚ್ಚೊತ್ತುವ ತುರ್ಪೆನ್ ಯಜಮಾನರ ಅಂಗಡಿಯಲ್ಲಿ, ಉತ್ತರದ ಕಿಟಕಿಯ ಕೆಳಗೆ, ಅವಳ ಪಕ್ಕದಲ್ಲೇ ಕೂರುತ್ತಿತ್ತು. ಹಾಗೆ ಇಪ್ಪತ್ತೆರಡು ವರ್ಷ ಕೂತಿತ್ತು. ಪ್ಯಾರಿಸ್ಸಿನ ನಮ್ಮ ಸೇಂಟ್ ಜಾಕ್ ಬೀದಿಯಲ್ಲಿ ಅವಳ ಹೆಸರು ಹೇಳಿದರೆ, "ಯಾರು, ಆ ಮೂಗಿನ ತುದೀಲಿ ಕೋಪ ಇರೋ ಹೆಂಗಸಾ?" ಎಂದು ಕೇಳುವವರೇ ಎಲ್ಲ. ಆ ಕೋಪ ಯಾಕೆ ಎಂದು ಕೇಳಿದವರು ಒಬ್ಬರೂ ಇಲ್ಲ. ಕೇಳಿದ್ದರೆ ಹೇಳುತ್ತಿದ್ದಳು.

ಅವಳು ಅಲಾನ್ಸೊನ್ ಊರಿನವಳು. ತಾಯಿ ಸೂಜಿಯಲ್ಲಿ ಬಿಳಿ ನೂಲಿನ ಜಾಲರಿ ಹೆಣೆಯುತ್ತಿದ್ದಳು. ದೊರೆಗಳ ಕೊರಳಿನಿಂದಲೂ ಮುಂಗೈಯಿಂದಲೂ ಇಳಿಬೀಳುತ್ತದಲ್ಲ, ಆ ಜಾಲರಿ. ಒಂದು ಗೇಣು ಮುಗಿಯಲು ಒಂದು ಚಳಿಗಾಲ ಹಿಡಿಯುತ್ತಿತ್ತು. ಅಷ್ಟೆಲ್ಲ ಹೆಣೆದ ತಾಯಿ ತನ್ನ ಕೊರಳಿಗೆ ಬೆರಳಗಲದ ಒಂದು ತುಂಡನ್ನೂ ಹಾಕಿಕೊಂಡವಳಲ್ಲ. ನಮ್ಮಂಥವರು ಹಾಕಿಕೊಂಡರೆ ದಂಡ ಬೀಳುತ್ತಿತ್ತು. ಎದ್ಮೆ ಹತ್ತೊಂಬತ್ತು ತುಂಬಿದಾಗ ಪ್ಯಾರಿಸ್ಸಿಗೆ ಬಂದು ತುರ್ಪೆನ್ ಮನೆಯಲ್ಲಿ ಕಸ ಮುಸುರೆಯ ಕೆಲಸಕ್ಕೆ ಸೇರಿದಳು. ಒಂದು ದಿನ ಯಜಮಾನರಿಗೆ ಬಿಸಿನೀರು ಕೊಡಲು ಮೇಲಿನ ಅಂಗಡಿಗೆ ಹೋದವಳು, ಹಗ್ಗದ ಮೇಲೆ ಒಣಗಲು ಹಾಕಿದ್ದ ಚಿತ್ರ ನೋಡಿ ನಿಂತುಬಿಟ್ಟಳು.

"ಇದು ಯಾವೂರ ಜಾಲರಿ ಯಜಮಾನ್ರೇ?"

"ದೊಡ್ಡ ನ್ಯಾಯಾಧೀಶರ ಕೊರಳಿಂದು ಕಣೇ. ವೆನಿಸ್ಸಿಂದ ತರಿಸಿದ್ದು. ನಿಂಗ್ಯಾಕೆ ಅದು?"

"ವೆನಿಸ್ಸಿಂದು ಹೀಗಿರಲ್ಲ. ಇದು ಮೀನು ಹಿಡಿಯೋ ಬಲೆ ಇದ್ದ ಹಾಗಿದೆ. ಇದನ್ನ ಹಾಕ್ಕೊಂಡು ಅವರು ಕೋರ್ಟಿಗೆ ಹೋದ್ರೆ ಮೀನಿನೋರು ಬೆನ್ನು ಹತ್ತುತ್ತಾರೆ."

ತುರ್ಪೆನ್‌ಗೆ ಮೈಯೆಲ್ಲ ಉರಿದುಹೋಯಿತು. "ಹಾಗಾದ್ರೆ ನೀನೇ ಕೆತ್ತು, ನೋಡೋಣ" ಎಂದು ಹಳೆಯ ತಾಮ್ರದ ತುಂಡೊಂದನ್ನೂ ಒಂದು ಮೊಂಡು ಉಳಿಯನ್ನೂ ಅವಳ ಮುಂದೆ ಎಸೆದರು. ಅವಳು ಹದಿನೈದು ದಿನ, ಪಾತ್ರೆ ತೊಳೆದು ಉಳಿದ ಹೊತ್ತಿನಲ್ಲಿ, ಎರಡು ಬೆರಳಗಲ ಜಾಲರಿ ಕೆತ್ತಿಕೊಂಡು ಬಂದಳು. ತಾಯಿಯ ಕೈಯಲ್ಲಿ ಕಂಡಿದ್ದ ಒಂದೊಂದು ಕಣ್ಣಿಯೂ ಅದರಲ್ಲಿತ್ತು. ಯಜಮಾನರು ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಹೊಗಳಿದರೇ? ಇಲ್ಲ. ಮಾರನೇ ದಿನದಿಂದ ಅವಳಿಗೆ ಎರಡು ಕೆಲಸವಾಯಿತು. ಮನೆಗೆ ಬೇರೆ ಕೆಲಸದವಳು ಬಂದದ್ದು ಎರಡು ವರ್ಷ ಕಳೆದ ಮೇಲೆ.

ಆ ಕಾಲದಲ್ಲಿ ಒಬ್ಬ ಮನುಷ್ಯ ದೊಡ್ಡವನಾದ ಎಂದು ಊರಿಗೆ ಗೊತ್ತಾಗುತ್ತಿದ್ದದ್ದು ಅವನ ಮುಖ ಕಾಗದದ ಮೇಲೆ ಅಚ್ಚಾದ ಮೇಲೆಯೇ. ಬಣ್ಣದ ಚಿತ್ರ ಒಂದೇ ಗೋಡೆಯ ಮೇಲೆ ಇರುತ್ತದೆ, ನೋಡಬೇಕಾದರೆ ಅವನ ಮನೆಗೇ ಹೋಗಬೇಕು. ತಾಮ್ರಕ್ಕೆ ಇಳಿದರೆ ಸಾವಿರ ಗೋಡೆ. ಬೀಗರಿಗೆ ಕಳಿಸುವವರು, ಮಗಳಿಗೆ ದೊಡ್ಡ ಸಂಬಂಧ ಹುಡುಕುವವರು, ಮೊನ್ನೆ ಮೊನ್ನೆ ಪದವಿ ಕೊಂಡವರು, ಎಲ್ಲರೂ ನಮ್ಮ ಬೀದಿಗೇ ಬರಬೇಕು. ಬಂದವರಿಗೆ ಮುಖದ ಚಿಂತೆ ಕಡಿಮೆ. ಚಿಂತೆಯೆಲ್ಲ ಮುಖದ ಸುತ್ತ ಇರುವುದರ ಮೇಲೆ. ವರ್ತಕನಿಗೆ ಬೆನ್ನ ಹಿಂದೆ ಬರೀ ಗೋಡೆ. ವಕೀಲನಿಗೆ ಪುಸ್ತಕದ ಕಪಾಟು. ನ್ಯಾಯಾಧೀಶನಿಗೆ ತುಪ್ಪಳದ ನಿಲುವಂಗಿ. ಕಂಬ ಮತ್ತು ಕುಚ್ಚಿನ ಪರದೆ ದೊರೆಗಳಿಗೆ ಮಾತ್ರ. ಕೆಳಗೆ ವಂಶದ ಗುರಾಣಿ, ಅದರ ಮೇಲೆ ಕಿರೀಟ, ಕಿರೀಟದಲ್ಲಿ ಇಷ್ಟೇ ಮುತ್ತು. ಒಂದು ಮುತ್ತು ಹೆಚ್ಚಾದರೆ ಮೇಲಿನವರು ಕೆರಳುತ್ತಾರೆ, ಒಂದು ಕಡಿಮೆಯಾದರೆ ಇವರೇ ಅಂಗಡಿಗೆ ಬಂದು ಕೂಗಾಡುತ್ತಾರೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎನ್ನುವ ಮಾತು ಇಂಥವರನ್ನು ನೋಡಿಯೇ ಹುಟ್ಟಿರಬೇಕು.

ಈ ಮಲ್ಲಿಗೆ ಮುಡಿಸುವ ಕೆಲಸ ಒಂದೊಂದಾಗಿ ಎದ್ಮೆಯ ಕೈಗೆ ಬಂತು. ಮೊದಲು ಜಾಲರಿ. ಆಮೇಲೆ ವಿಗ್ಗಿನ ಸುರುಳಿಗಳು, ಅದರ ಹಿಂದೆಯೇ ತುಪ್ಪಳ, ಮಖಮಲ್ಲು, ಪರದೆಯ ಕುಚ್ಚು, ಕಂಬ. ಕೊನೆಗೆ ಅಕ್ಷರ. ತಾಮ್ರದ ಮೇಲೆ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಬೇಕು, ಆಗಲೇ ಕಾಗದದ ಮೇಲೆ ನೆಟ್ಟಗೆ ಬೀಳುವುದು. ಅವಳು ಓದು ಕಲಿತದ್ದೇ ಹಾಗೆ, ತಿರುಗುಮುರುಗಾಗಿ. ಇಗರ್ಜಿಯ ಪುಸ್ತಕವನ್ನು ತಡವರಿಸಿ ಓದುತ್ತಿದ್ದ ಹೆಂಗಸು ತಾಮ್ರದ ಮೇಲಿನದನ್ನು ನೀರು ಕುಡಿದಂತೆ ಓದುತ್ತಿದ್ದಳು. ತುರ್ಪೆನ್ ಯಜಮಾನರು ಮುಖವೊಂದನ್ನು ಕೆತ್ತುತ್ತಿದ್ದರು. ಚೆನ್ನಾಗಿಯೇ ಕೆತ್ತುತ್ತಿದ್ದರು, ಇಲ್ಲವೆಂದರೆ ನಾಲಿಗೆ ಬಿದ್ದುಹೋಗುತ್ತದೆ. ಎರಡು ಮೂರು ವಾರದಲ್ಲಿ ಮುಖ ಮುಗಿಸಿ, ಕೈ ತೊಳೆದು, ತಗಡನ್ನು ಅವಳ ಕಡೆ ನೂಕುತ್ತಿದ್ದರು. ಮಿಕ್ಕ ಐದಾರು ತಿಂಗಳು ಅವಳದು.

ಕೆಲಸವೆಲ್ಲ ಮುಗಿದ ಮೇಲೆ, ತಗಡಿನ ಕೆಳಗೆ ಮೂಲೆಯಲ್ಲಿ, ಕೊನೆಯದಾಗಿ ಒಂದು ಸಾಲು ಕೆತ್ತಬೇಕು. 'ತುರ್ಪೆನ್ ಕೆತ್ತಿದ್ದು.' ಅದನ್ನು ಕೆತ್ತುತ್ತಿದ್ದವಳೂ ಎದ್ಮೆಯೇ. ಇಪ್ಪತ್ತೆರಡು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ತಗಡುಗಳ ಮೇಲೆ ಆ ಸುಳ್ಳನ್ನು ತನ್ನ ಕೈಯಾರೆ, ಅಂದವಾದ ಅಕ್ಷರದಲ್ಲಿ, ಕೆತ್ತಿದ್ದಳು.

ತನ್ನ ಹೆಸರನ್ನೂ ಪಕ್ಕದಲ್ಲಿ ಹಾಕಿ ಎಂದು ಎರಡು ಸಲ ಕೇಳಿದ್ದುಂಟು. ಮೊದಲ ಸಲ ಕೇಳಿದಾಗ ಯಜಮಾನರು ನಕ್ಕುಬಿಟ್ಟರು. ಎರಡನೇ ಸಲ ಕೇಳಿದ್ದು ಒಬ್ಬ ಬಿಷಪ್ಪರ ಚಿತ್ರ ಮುಗಿದಾಗ. ಕೊರಳಿಂದ ಮೊಣಕಾಲಿನವರೆಗೆ ಜಾಲರಿಯೇ ಜಾಲರಿ, ಹನ್ನೊಂದು ತಿಂಗಳು ಹಿಡಿದಿತ್ತು. ಆಗ ತುರ್ಪೆನ್ ಹೇಳಿದ ಮಾತು ಬೀದಿಗೆಲ್ಲ ಗೊತ್ತು.

"ನಿನ್ನ ಹೆಸರು ಹಾಕಿದ್ರೆ ಬಿಷಪ್ಪರು ಏನಂದ್ಕೋತಾರೆ? ತಮ್ಮ ಎದೆ ಮೇಲೆಲ್ಲ ಹನ್ನೊಂದು ತಿಂಗಳು ಒಬ್ಬ ಹೆಂಗಸು ಕೈಯಾಡಿಸಿದ್ಲು ಅಂತ ಗೊತ್ತಾದ್ರೆ, ಪಾಪ, ಸ್ನಾನ ಮಾಡ್ಬೇಕಾಗುತ್ತೆ!"

ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಎದ್ಮೆ ತಲೆ ತಗ್ಗಿಸಿ 'ತುರ್ಪೆನ್ ಕೆತ್ತಿದ್ದು' ಎಂದು ಕೆತ್ತಿದಳು. ಮೂರನೇ ಸಲ ಕೇಳಲಿಲ್ಲ. ಕೇಳದೇ ಇದ್ದ ಮಾತ್ರಕ್ಕೆ ಆಸೆ ಹೋಗುತ್ತದೆಯೇ? ಅದು ಒಳಗೇ ಕೂತು ಉರಿ ಹೆಚ್ಚಿಸುತ್ತಿತ್ತು. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ. ಸತ್ತ ಮೇಲೆ ಅವಳ ಹೆಸರನ್ನು ಯಾರೂ ಎಲ್ಲೂ ಹೇಳುವುದಿಲ್ಲ. ಒಂದೇ ಒಂದು ತಗಡು, ಒಂದು ಮೂಲೆ, ಅಕ್ಕಿಕಾಳಿನಷ್ಟು ಅಕ್ಷರ, ಅಷ್ಟು ಸಾಕಿತ್ತು ಅವಳಿಗೆ.

ಆಮೇಲೆ ವಾರ್ಮೆಲ್ ದೊರೆಯ ಕೆಲಸ ಬಂತು.

ವಾರ್ಮೆಲ್ ದೊಡ್ಡ ಸಂಸ್ಥಾನ. ದೊರೆ ತನ್ನ ಚಿತ್ರದಲ್ಲಿ ಒಂದನ್ನೂ ಬಿಡಬಾರದೆಂದು ಹೇಳಿ ಕಳಿಸಿದ್ದ. ಕಂಬ ಬೇಕು, ಪರದೆ ಬೇಕು, ಉಕ್ಕಿನ ಎದೆಕವಚ ಬೇಕು, ಅದರ ಮೇಲೆ ಮಖಮಲ್ಲಿನ ಮೇಲಂಗಿ ಬೇಕು, ಕೊರಳಿಗೆ ಅಲಾನ್ಸೊನ್ ಜಾಲರಿಯೇ ಬೇಕು. ಯಜಮಾನರ ಮುಖ ಹತ್ತೊಂಬತ್ತು ದಿನದಲ್ಲಿ ಮುಗಿಯಿತು. ಎದ್ಮೆ ಈಸ್ಟರ್ ಉಪವಾಸದಲ್ಲಿ ಹಿಡಿದ ಕೆಲಸ ದ್ರಾಕ್ಷಿ ಕೊಯ್ಲಿಗೆ ಮುಗಿಯಿತು. ಆ ಜಾಲರಿ ಕೆತ್ತುವಾಗ ಅವಳಿಗೆ ತಾಯಿಯ ಬೆರಳುಗಳೇ ಕಣ್ಣ ಮುಂದೆ ಬರುತ್ತಿದ್ದವು. ಅವಳ ಜೀವಮಾನದಲ್ಲಿ ಅಂಥ ಕೆಲಸ ಇನ್ನೊಂದಿಲ್ಲ, ಅದು ಅವಳಿಗೂ ಗೊತ್ತಿತ್ತು. ಅಚ್ಚಾದ ಹಾಳೆಗಳನ್ನು ಊರೆಲ್ಲ ಹೊಗಳಿತು. ತುರ್ಪೆನ್ ಎರಡು ವಾರ ಎದೆಯುಬ್ಬಿಸಿಕೊಂಡು ಬೀದಿಯಲ್ಲಿ ಓಡಾಡಿದರು.

ಡಿಸೆಂಬರಿನಲ್ಲಿ ವಾರ್ಮೆಲ್ ಮನೆಯ ಪಾರುಪತ್ಯಗಾರ ಓಡೋಡಿ ಬಂದ. ರಾಜರು ಹೊಸವರ್ಷದ ದಿನ ದೊರೆಗೆ ನೀಲಿ ಪಟ್ಟಿ ಕೊಡುತ್ತಾರಂತೆ. ನೀಲಿ ಪಟ್ಟಿ ಎಂದರೆ ನಮ್ಮಲ್ಲಿ ಅದರ ಮೇಲೆ ಇನ್ನೊಂದು ಗೌರವವಿಲ್ಲ. ಅಂಗೈಯಗಲದ ರೇಷ್ಮೆ ಪಟ್ಟಿ, ಬಲ ಭುಜದಿಂದ ಎಡ ಸೊಂಟಕ್ಕೆ ಇಳಿಯಬೇಕು. ಹೊಸವರ್ಷದ ದಿನವೇ ಅರಮನೆಯಲ್ಲಿ ಹಂಚಲು ಪಟ್ಟಿಯಿರುವ ಚಿತ್ರದ ಇನ್ನೂರು ಹಾಳೆ ಬೇಕು. ಮರೆಯದಿರಲಿ ಎಂದು ಪಾರುಪತ್ಯಗಾರ ಚೀಟಿಯಲ್ಲಿ ಬರೆದೂ ಕೊಟ್ಟ: ಬಲ ಭುಜದಿಂದ ಎಡ ಸೊಂಟಕ್ಕೆ.

ಎದ್ಮೆ ತಗಡಿಗೆ ಕೈಚಾಚಿದಾಗ ಯಜಮಾನರು ಅವಳ ಕೈ ತಳ್ಳಿದರು.

"ಬಿಡು, ಬಿಡು. ಇದು ರಾಜರು ಕೊಡೋ ಮರ್ಯಾದೆ. ಹೆಂಗಸಿನ ಕೈಯಲ್ಲಿ ಮಾಡಿಸೋ ಕೆಲಸ ಅಲ್ಲ. ನೀನು ಕೆಳಗಡೆ ಹೊಸ ಬಿರುದು ಕೆತ್ತು, ಸಾಕು."

ಚೀಟಿಯನ್ನು ಪಕ್ಕದಲ್ಲಿಟ್ಟುಕೊಂಡು, ತಾಮ್ರದ ಮೇಲಿನ ದೊರೆಯ ಬಲ ಭುಜದಿಂದ ಎಡ ಸೊಂಟಕ್ಕೆ, ಯಜಮಾನರೇ ಸೀಮೆಸುಣ್ಣದಲ್ಲಿ ಎರಡು ಗೆರೆ ಎಳೆದರು. ಎದ್ಮೆ ಗೆರೆಯ ಮೇಲೆ ಬೆರಳಿಟ್ಟಳು.

"ಯಜಮಾನ್ರೇ, ತಾಮ್ರದ ಮೇಲೆ ಬಲಕ್ಕೆ ಹಾಕಿದ್ರೆ ಕಾಗದದ ಮೇಲೆ ಎಡಕ್ಕೆ ಬೀಳುತ್ತೆ. ಕನ್ನಡಿ ಹಿಡಿದು ನೋಡಿ ಒಂದ್ಸಲ."

"ಮೂವತ್ತು ವರ್ಷದಿಂದ ನಾನೇನು ಇಲ್ಲಿ ಕತ್ತೆ ಕಾಯ್ತಿದ್ನಾ? ಕನ್ನಡಿಯಂತೆ ಕನ್ನಡಿ!"

"ಅಕ್ಷರ ನಾನು ತಿರುಗಿಸಿ ಕೆತ್ತಲ್ವಾ? ಪಟ್ಟೀನೂ ಹಾಗೇನೇ..."

"ಎದ್ಮೆ! ಇನ್ನೊಂದು ಮಾತಾಡಿದ್ರೆ ಗಂಟುಮೂಟೆ ಕಟ್ಟಿಸ್ತೀನಿ."

ಅವಸರ ಒಂದು ಕಡೆ, ಜಂಭ ಇನ್ನೊಂದು ಕಡೆ. ಮೂರೇ ದಿನದಲ್ಲಿ ಪಟ್ಟಿಯನ್ನು ತಾವೇ ಕೆತ್ತಿ ಮುಗಿಸಿದರು. ಮೊದಲ ಹಾಳೆ ಅಚ್ಚಿನಿಂದ ಬಂದಾಗ ಪಟ್ಟಿ ಹಾಳೆಯ ಬಲಗಡೆಯಲ್ಲಿ ಕಂಡಿತು. "ನೋಡು, ಬಲಕ್ಕೇ ಇದೆ!" ಎಂದು ತುರ್ಪೆನ್ ಅದನ್ನು ಅವಳ ಮೂಗಿಗೆ ಹಿಡಿದರು. ಹಾಳೆಯ ಬಲವೇ ಬೇರೆ, ಹಾಳೆಯಲ್ಲಿ ನಿಂತು ನಮ್ಮನ್ನು ನೋಡುವ ಮನುಷ್ಯನ ಬಲವೇ ಬೇರೆ ಎಂದು ಹೇಳಲು ಅವಳು ಬಾಯಿ ತೆರೆದಳು. ಆಮೇಲೆ ಮುಚ್ಚಿದಳು. ಎರಡು ಸಲ ಹೇಳಿಯಾಗಿತ್ತು. ತನ್ನ ಹೆಸರಿಲ್ಲದ ತಗಡಿಗಾಗಿ ತಾನೇಕೆ ಬಾಯಿ ನೋಯಿಸಿಕೊಳ್ಳಬೇಕು ಎಂದು ಆ ಕ್ಷಣ ಅವಳಿಗೆ ಅನ್ನಿಸಿದ್ದು ನಿಜ. ಅದನ್ನು ಅವಳು ಮುಂದೆ ಯಾರಿಂದಲೂ ಮುಚ್ಚಿಡಲಿಲ್ಲ.

ಹೊಸವರ್ಷದ ದಿನ ಅರಮನೆಯಲ್ಲಿ ಇನ್ನೂರು ಹಾಳೆ ಹಂಚಿದರು. ದೊರೆಯ ಮೈಮೇಲೆ ಪಟ್ಟಿ ಬಲ ಭುಜದಿಂದ ಇಳಿದಿದೆ, ಕೈಯಲ್ಲಿರುವ ಹಾಳೆಯಲ್ಲಿ ಎಡ ಭುಜದಿಂದ ಇಳಿದಿದೆ. ಅರಮನೆಯವರಿಗೆ ಬೇರೇನು ಕೆಲಸ? ವಾರ್ಮೆಲ್ ದೊರೆಗೆ ಪಟ್ಟಿ ಹೊಸದಲ್ಲವೇ, ಪಾಪ, ಹಾಕಿಕೊಳ್ಳಲು ಬಂದಿಲ್ಲ ಎಂದು ಯಾರೋ ಒಬ್ಬರು ಅಂದರು. ಸಂಜೆಯ ಹೊತ್ತಿಗೆ ಅಡಿಗೆಯವರು ಕೂಡ ಕೈ ಒರೆಸುವ ಬಟ್ಟೆಯನ್ನು ಎಡ ಭುಜಕ್ಕೆ ಹಾಕಿಕೊಂಡು ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರಂತೆ.

ಶುಕ್ರವಾರ ಪಾರುಪತ್ಯಗಾರ ಬಂದ. ಅಂಗಡಿಯ ಬಾಗಿಲು ಹಾಕಿಸುತ್ತೇವೆ, ಇನ್ನು ಯಾವ ದೊಡ್ಡ ಮನೆಯವರೂ ನಿಮ್ಮ ಮೆಟ್ಟಿಲು ಹತ್ತದ ಹಾಗೆ ಮಾಡುತ್ತೇವೆ ಎಂದು ಕೂಗಿದ. ತುರ್ಪೆನ್ ಮುಖದಲ್ಲಿ ರಕ್ತವಿರಲಿಲ್ಲ. ಕಿಟಕಿಯ ಕಡೆ ಕೈ ತೋರಿಸಿದರು.

"ಸ್ವಾಮಿ, ತಪ್ಪಾಯ್ತು. ಆದ್ರೆ ಅದು ನನ್ನ ಕೈಕೆಲಸ ಅಲ್ಲ. ಪಟ್ಟಿ ಕೆತ್ತಿದ್ದು ಆ ಹೆಂಗಸು. ಅಂಗಡಿ ನಂದು ಅಂತ ನನ್ನ ಹೆಸರಿದೆ, ಅಷ್ಟೆ. ನಂಬಿ ಬಿಟ್ಟೆ, ಕೆಟ್ಟೆ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು. ಎದ್ಮೆ ಉಳಿಯನ್ನು ಕೈಯಲ್ಲೇ ಹಿಡಿದು ಎದ್ದು ನಿಂತಳು.

"ಸುಳ್ಳು! ನಾನು ಬೇಡ ಅಂತ ಎರಡು ಸಲ ಹೇಳ್ದೆ!"

"ನೋಡಿದ್ರಾ ಸ್ವಾಮಿ, ಬಾಯಿ ಹೇಗಿದೆ ಅಂತ!"

ಪಾರುಪತ್ಯಗಾರ ಅವಳನ್ನು ಮೇಲಿಂದ ಕೆಳಗೆ ನೋಡಿದ. ಅವನ ಸಿಟ್ಟು ನಿಧಾನವಾಗಿ ಇಳಿದು, ಮುಖದಲ್ಲಿ ಏನೋ ಲೆಕ್ಕಾಚಾರ ಮೂಡಿತು. "ಹೆಂಗಸಾ? ಇದು ಒಳ್ಳೇದೇ ಆಯ್ತು" ಎಂದ. "ಹೆಂಗಸು ಮಾಡಿದ್ದು ಅಂದ್ರೆ ಜನ ನಗೋದು ದೊರೆಗಳನ್ನ ನೋಡಿ ಅಲ್ಲ, ಅವಳನ್ನ ನೋಡಿ. ತುರ್ಪೆನ್, ತಗಡಿನ ಮೇಲಿರೋ ನಿಮ್ಮ ಹೆಸರು ತೆಗೀರಿ, ಇವಳ ಹೆಸರು ಹಾಕಿ. ಪಟ್ಟಿ ಹಾಗೇ ಇರ್ಲಿ. ಸೋಮವಾರ ಬೆಳಿಗ್ಗೆ ನನ್ನೆದುರಿಗೇ ಐವತ್ತು ಹಾಳೆ ಒತ್ತಿಸಿ. ಅರಮನೆಯಲ್ಲಿ ಹಂಚ್ತೀವಿ. ಯಾರ ಕೆಲಸ ಅಂತ ಎಲ್ಲರೂ ಓದ್ಕೊಳ್ಳಲಿ. ಪಟ್ಟಿ ಆಮೇಲೆ ಸರಿ ಮಾಡಿದ್ರಾಯ್ತು."

ಅವನು ಹೋದ ಮೇಲೆ ತುರ್ಪೆನ್‌ಗೆ ಹೋದ ಜೀವ ಮರಳಿ ಬಂತು. ಎದ್ಮೆಯ ಕಡೆ ನೋಡಲು ಮಾತ್ರ ಮುಖವಿರಲಿಲ್ಲ. ಮೇಜಿನ ಮೇಲಿನ ಉಪಕರಣಗಳನ್ನು ಜೋಡಿಸುತ್ತ ಮಾತಾಡಿದರು.

"ಇಪ್ಪತ್ತು ವರ್ಷದಿಂದ ಹೆಸರು ಹೆಸರು ಅಂತ ಜೀವ ತಿಂದೆಯಲ್ಲ, ತಗೋ. ಈಗ ಹಾಕ್ಕೋ. ನಿನ್ನ ಕೈಯಾರೆ ಕೆತ್ಕೋ. ಅಂಗಡಿ ಉಳಿದ್ರೆ ನಿನಗೂ ಊಟ. ಇಲ್ದಿದ್ರೆ ನಾಳೆ ಇಬ್ಬರೂ ಬೀದೀಲಿ."

ಎದ್ಮೆ ಸಿಟ್ಟಿನಿಂದಲೇ ತಗಡನ್ನು ತನ್ನ ಕಡೆ ಎಳೆದುಕೊಂಡಳು. ಬೀದಿಗೆ ಬೀಳುವ ಭಯವೂ ಇತ್ತು, ಇರಲಿಲ್ಲ ಎನ್ನಲಾರೆ. ನಲವತ್ತೊಂದು ವರ್ಷ, ಸವೆದ ಕಣ್ಣು, ಒಬ್ಬಳೇ ಜೀವ.

ಭಾನುವಾರ, ಬಾಲ ಏಸುವನ್ನು ನೋಡಲು ಬಂದ ಮೂರು ರಾಜರ ಹಬ್ಬ. ಶನಿವಾರ ಬೆಳಿಗ್ಗೆಯೇ ತುರ್ಪೆನ್ ಸಂಸಾರ ಸಮೇತ ಮಗಳ ಮನೆಗೆ ಹೊರಟರು. ಎದ್ಮೆ ಕಿಟಕಿಯ ಕೆಳಗೆ ತಗಡನ್ನು ಇಟ್ಟುಕೊಂಡು ಕೂತಳು. ಹೇಳಿದ ಕೆಲಸವನ್ನೇ ಮೊದಲು ಮಾಡಿದಳು. ಮೂರಂಚಿನ ಹೆರೆಯುವ ಕತ್ತಿಯಿಂದ 'ತುರ್ಪೆನ್ ಕೆತ್ತಿದ್ದು' ಎಂಬುದನ್ನು ಹೆರೆದು, ಎಣ್ಣೆ ಹಾಕಿ, ಉಕ್ಕಿನ ಕಡ್ಡಿಯಿಂದ ಉಜ್ಜಿ ನುಣ್ಣಗೆ ಮಾಡಿದಳು. ಅಲ್ಲಿ ಈಗ ಬೆರಳುದ್ದ ಜಾಗ ಖಾಲಿ. ಇಪ್ಪತ್ತೆರಡು ವರ್ಷ ಬಯಸಿದ ಜಾಗ.

ಉಳಿಯ ತುದಿಯನ್ನು ಅಲ್ಲಿ ಇಟ್ಟಳು. ಇಟ್ಟವಳು ಹಾಗೆಯೇ ಕೂತಳು. ಕೈ ಮುಂದಕ್ಕೆ ಹೋಗಲಿಲ್ಲ. ಈ ಜಾಗದಲ್ಲಿ ತನ್ನ ಹೆಸರು ಬಿದ್ದರೆ ನಾಳೆ ಜನ ಓದುವುದು ಏನನ್ನು? ಜಾಲರಿ ಕೆತ್ತಿದವಳು ಎಂದೇ? ಇಲ್ಲ, ಪಟ್ಟಿ ಕೆಡಿಸಿದವಳು ಎಂದು. ಏಳು ತಿಂಗಳ ಜಾಲರಿಯನ್ನು ಒಬ್ಬನೂ ನೋಡುವುದಿಲ್ಲ, ಯಜಮಾನರು ಮೂರು ದಿನದಲ್ಲಿ ಗೀಚಿದ ಪಟ್ಟಿಯನ್ನು ಊರೆಲ್ಲ ನೋಡುತ್ತದೆ. ಒಳ್ಳೆಯದು ಮಾಡಿದಾಗ ಅವಳಿಗೆ ಹೆಸರೇ ಇರಲಿಲ್ಲ, ಬೇರೆಯವರ ತಪ್ಪಿಗೆ ಈಗ ಹೆಸರು ಹುಟ್ಟಿತು. ಅದನ್ನು ಯೋಚಿಸುತ್ತಿದ್ದಂತೆ ಅಳು ಬಂತು. ಅಳುತ್ತಿದ್ದೇನಲ್ಲಾ ಎಂದು ತನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು. ಉಳಿಯನ್ನು ಕೆಳಗಿಟ್ಟು ಮತ್ತೆ ಹೆರೆಯುವ ಕತ್ತಿಯನ್ನು ತೆಗೆದುಕೊಂಡಳು.

ಮೊದಲು ಬಿರುದುಗಳು ಹೋದವು. ವಾರ್ಮೆಲ್ ಸಂಸ್ಥಾನದ ಒಡೆಯ, ಇಷ್ಟು ಕೋಟೆಗಳ ಪಾಲಕ, ರಾಜರ ಇಂಥ ಸೇನೆಯ ನಾಯಕ, ನೀಲಿ ಪಟ್ಟಿಯ ವೀರ, ನಾಲ್ಕು ಸಾಲು. ಆಮೇಲೆ ಗುರಾಣಿ, ಕಿರೀಟ, ಕಿರೀಟದ ಮುತ್ತು. ಕಂಬ ಹೋಯಿತು. ಪರದೆ, ಕುಚ್ಚು ಕುಚ್ಚಾಗಿ, ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂದು ಹೇಳುವವರು ತಾಮ್ರದ ಕೆಲಸ ಕಂಡವರಲ್ಲ. ತಾಮ್ರದಲ್ಲಿ ಅಳಿಸುವುದಕ್ಕೂ ಬೆನ್ನು ಮುರಿಯಬೇಕು. ಹೆರೆಯಬೇಕು, ಉಜ್ಜಬೇಕು, ಇದ್ದಿಲು ನೀರು ಹಾಕಿ ತಿಕ್ಕಬೇಕು, ಇಲ್ಲವಾದರೆ ಅಚ್ಚೊತ್ತುವಾಗ ದೆವ್ವದ ಹಾಗೆ ಮತ್ತೆ ಎದ್ದುಬರುತ್ತದೆ. ಶನಿವಾರ ಕತ್ತಲಾಗುವವರೆಗೆ ಮಾಡಿದಳು. ಭಾನುವಾರ ಬೆಳಕು ಹರಿಯುತ್ತಲೇ ಮತ್ತೆ ಕೂತಳು. ಹಬ್ಬದ ದಿನ ಕೆಲಸ ಮಾಡುವುದು ಪಾಪ. ಮಾಡಿದ ಕೆಲಸವನ್ನು ಕಳೆಯುವುದೂ ಪಾಪವೇ ಎಂದು ಪಾದ್ರಿಯನ್ನು ಕೇಳಲು ಅವಳಿಗೆ ಪುರುಸೊತ್ತಿರಲಿಲ್ಲ.

ಮಧ್ಯಾಹ್ನ ಕೆಳಗಿನಿಂದ ಅಚ್ಚಿನ ಕೊಲಾ ಹತ್ತಿ ಬಂದ. ಕೆಳಮನೆಯಲ್ಲಿ ಉರುಳೆ ತಿರುಗಿಸಿ ಹಾಳೆ ಒತ್ತುವವನು, ಹೆಂಡತಿ ಸತ್ತವನು, ಎದ್ಮೆಯನ್ನು ಅಕ್ಕ ಎಂದು ಕರೆಯುವವನು. ಕೈಯಲ್ಲಿ ಹಬ್ಬದ ಕೇಕಿನ ಒಂದು ತುಂಡಿತ್ತು. ಆ ಕೇಕಿನೊಳಗೆ ಒಂದು ಅವರೆಬೀಜ ಇಟ್ಟು ಸುಡುತ್ತಾರೆ, ಬೀಜ ಯಾರ ಪಾಲಿಗೆ ಬರುತ್ತದೋ ಅವತ್ತು ಅವರೇ ಮನೆಗೆ ರಾಜ.

"ಅಕ್ಕಾ, ಒಬ್ಬನೇ ಕೂತು ತಿಂದೆ, ಬೀಜ ನನಗೇ ಸಿಕ್ತು. ಇವತ್ತು ನಾನೇ ರಾಜ. ತಗೋ, ರಾಜರ ಪ್ರಸಾ..."

ತಗಡನ್ನು ನೋಡಿ ಅವನ ಮಾತು ಅಲ್ಲೇ ನಿಂತಿತು.

"ಅಯ್ಯೋ, ಅಕ್ಕಾ. ಏನ್ ಮಾಡ್ತಿದ್ದೀಯೇ?"

"ಕಾಣಲ್ವಾ? ನಂದನ್ನ ನಾನು ತಗೋತಿದೀನಿ."

"ಜೈಲಿಗೆ ಹಾಕ್ತಾರೆ ಕಣೇ."

"ಹಾಕಲಿ. ಅಲ್ಲಾದ್ರೂ ಹೆಸರು ಬರ್ಕೋತಾರೆ."

ಕೊಲಾ ಕೇಕನ್ನು ಕಿಟಕಿಯ ಮೇಲಿಟ್ಟು, "ಸೋಮವಾರ ಯಾರಾದ್ರೂ ಕೇಳಿದ್ರೆ ನಾನು ಏನೂ ನೋಡಿಲ್ಲ. ತಗಡು ಕೊಟ್ರು, ಮಸಿ ಹಾಕ್ದೆ, ಒತ್ತಿದೆ" ಎಂದು ಹೇಳಿ ಇಳಿದುಹೋದ.

ವಿಗ್ಗು ಹೋಯಿತು. ಕವಚ ಹೋಯಿತು, ಮೇಲಂಗಿ ಹೋಯಿತು. ಕೊನೆಗೆ ಅವಳ ಕೆಲಸದಲ್ಲಿ ಉಳಿದದ್ದು ಜಾಲರಿ. ಅದರ ಮುಂದೆ ಎದ್ಮೆ ಬಹಳ ಹೊತ್ತು ಕೂತಳು. ಅಲಾನ್ಸೊನ್‌ನ ಹೂವು, ಎಲೆ, ಹೂವಿನಿಂದ ಹೂವಿಗೆ ಹೋಗುವ ಕೂದಲೆಳೆಯ ಕಣ್ಣಿ. ಇದೊಂದನ್ನು ಬಿಟ್ಟುಬಿಡಲೇ ಎಂದುಕೊಂಡಳು. ಬಿಟ್ಟರೆ ಅದರ ಕೆಳಗೂ ಯಾರಾದರೂ ಇನ್ನೊಬ್ಬರ ಹೆಸರು ಹಾಕುತ್ತಾರೆ. ಹಲ್ಲು ಕಚ್ಚಿಕೊಂಡು ಕತ್ತಿ ಇಟ್ಟಳು. ಅದು ಹೋಗುವಾಗ ಬೇರೆ ಯಾವುದಕ್ಕೂ ಬಾರದ ಸದ್ದು ಅವಳ ಬಾಯಿಂದಲೇ ಬಂತು.

ಸೋಮವಾರ ಬೆಳಿಗ್ಗೆ ತುರ್ಪೆನ್ ಊರಿಂದ ಬಂದು ಇಳಿಯುವುದಕ್ಕೂ ಪಾರುಪತ್ಯಗಾರನ ಗಾಡಿ ನಿಲ್ಲುವುದಕ್ಕೂ ಸರಿಹೋಯಿತು. ತಗಡು ಆಗಲೇ ಕೆಳಮನೆಯಲ್ಲಿ ಮಸಿ ಮೆತ್ತಿಸಿಕೊಂಡು ಉರುಳೆಯ ಹಲಗೆಯ ಮೇಲೆ, ಒದ್ದೆ ಕಾಗದದ ಅಡಿಯಲ್ಲಿ ಮಲಗಿತ್ತು. ಎದ್ಮೆ ಗೋಡೆಗೆ ಒರಗಿ ನಿಂತಿದ್ದಳು. ಬೆರಳುಗಳಿಗೆಲ್ಲ ಬಟ್ಟೆ ಸುತ್ತಿದ್ದಳು.

"ಹೆಸರು ಹಾಕಿದ್ಯೇನಮ್ಮಾ?" ಎಂದು ಪಾರುಪತ್ಯಗಾರ ಕೇಳಿದ.

"ಯಜಮಾನ್ರದ್ದು ತೆಗ್ದೆ ಸ್ವಾಮಿ. ಮಿಕ್ಕಿದ್ದು ನೀವೇ ನೋಡಿ."

ಕೊಲಾ ಉರುಳೆ ತಿರುಗಿಸಿದ. ಹಾಳೆಯ ಎರಡು ಮೂಲೆ ಹಿಡಿದು ಮೆಲ್ಲಗೆ ಎತ್ತಿ, ಪಾರುಪತ್ಯಗಾರನ ಕೈಗೆ ಕೊಟ್ಟ.

ದೊಡ್ಡ ಬಿಳಿ ಹಾಳೆ. ನಡುವೆ ಒಂದು ಮುಖ. ತಲೆಯ ಮೇಲೆ ಕೂದಲಿಲ್ಲ, ಗದ್ದದ ಕೆಳಗೆ ಕೊರಳಿಲ್ಲ, ಮೈಯಿಲ್ಲ. ಜೋತುಬಿದ್ದ ಕೆನ್ನೆ, ಸಣ್ಣ ಕಣ್ಣು, ಕಾಯುತ್ತ ಕೂತ ಮುದುಕನ ಬಾಯಿ. ಅದರ ಕೆಳಗೆ ಗಾಳಿಯಲ್ಲಿ ಒಂದು ಅಗಲವಾದ ಪಟ್ಟಿ ಓರೆಯಾಗಿ ತೂಗುತ್ತಿತ್ತು. ಪಾರುಪತ್ಯಗಾರ ಹಾಳೆಯನ್ನು ದೂರ ಹಿಡಿದು ನೋಡಿದ, ಹತ್ತಿರ ಹಿಡಿದು ನೋಡಿದ. ಹದಿನೇಳು ವರ್ಷ ದಿನಾ ಬೆಳಿಗ್ಗೆ ದೊರೆಯ ಎದುರು ಕೈಕಟ್ಟಿ ನಿಂತವನು.

"ಇದ್ಯಾರು?" ಎಂದು ಕೇಳಿದ.

ತುರ್ಪೆನ್ ಇಣುಕಿ ನೋಡಿದರು. ನೋಡಿ, ಎರಡು ಕೈಯಲ್ಲೂ ತಲೆ ಹಿಡಿದುಕೊಂಡು ಕಿರುಚಿದರು.

"ಅಯ್ಯೋ ಹಾಳಾದವಳೇ! ನನ್ನ ಮುಖ, ನನ್ನ ಪಟ್ಟಿ, ಇವೆರಡು ಬಿಟ್ಟು ಮಿಕ್ಕಿದ್ದೆಲ್ಲ ಒರೆಸಿ ಹಾಕಿದ್ದಾಳೆ!"

ಪಾರುಪತ್ಯಗಾರ ನಿಧಾನವಾಗಿ ತುರ್ಪೆನ್ ಕಡೆ ತಿರುಗಿದ.

"ನಿಮ್ಮ ಪಟ್ಟಿಯಾ?"

ತುರ್ಪೆನ್ ಎರಡು ಹೆಜ್ಜೆ ಹಿಂದೆ ಸರಿದರು.

"ನಂದಾಗಿದ್ದಿದ್ರೆ ಅದನ್ನೂ ಅಳಿಸಿರ್ತಿದ್ದೆ ಸ್ವಾಮಿ" ಎಂದಳು ಎದ್ಮೆ. "ನಂದಲ್ಲದ್ದನ್ನ ನಾನು ಮುಟ್ಟಿಲ್ಲ. ನಿಮ್ಮ ದೊರೆಗಳು ದೊರೆಗಳ ಹಾಗೆ ಕಾಣ್ತಿದ್ರಲ್ಲ, ಅದು ನನ್ನ ಕೆಲಸ. ಉಳಿದದ್ದು ಯಜಮಾನ್ರದು. ಐವತ್ತಲ್ಲ, ಐನೂರು ಹಾಳೆ ಒತ್ಸಿ, ಹಂಚಿ."

ಪಾರುಪತ್ಯಗಾರ ಹಾಳೆಯನ್ನು ಮಡಚಿದ. ಅಂಥ ಮುಖವನ್ನು ಯಾರಾದರೂ ನೋಡಿಬಿಟ್ಟಾರೆಂದು ಅವಸರ ಅವಸರವಾಗಿ ಕೋಟಿನೊಳಗೆ ತುರುಕಿಕೊಂಡ. ಕೊಲಾನ ಕೈಯಿಂದ ತಗಡನ್ನೂ ಕಿತ್ತುಕೊಂಡ. "ಬನ್ನಿ, ಗಾಡಿ ಹತ್ತಿ" ಎಂದು ತುರ್ಪೆನ್‌ಗೆ ಹೇಳಿದ. ಯಜಮಾನರು ಟೋಪಿ ಮರೆತು ಅವನ ಹಿಂದೆ ನಡೆದರು. ಗಾಡಿಯ ಬಾಗಿಲು ಮುಚ್ಚುವವರೆಗೂ ಅವರ ಬಾಯಿಂದ "ಸ್ವಾಮಿ, ಸ್ವಾಮಿ" ಎಂಬುದು ಕೇಳುತ್ತಿತ್ತು. ಎದ್ಮೆಯನ್ನು ಹಿಡಿಯಿರಿ ಎಂದು ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಗಾಡಿ ಬೀದಿಯ ತಿರುವು ದಾಟಿದ ಮೇಲೆ ಕೊಲಾ ಮಸಿ ಕೈಯನ್ನು ತೊಡೆಗೆ ಬಡಿದು ಗಹಗಹಿಸಿ ನಕ್ಕ.

"ಗೆದ್ದೆ ಅಕ್ಕಾ! ಗೆದ್ದುಬಿಟ್ಟೆ!"

ಎದ್ಮೆ ನಗಲಿಲ್ಲ. ಬೆರಳಿನ ಬಟ್ಟೆ ಬಿಚ್ಚುತ್ತಿದ್ದಳು.

"ಏನು ಗೆದ್ದೆನೋ? ನನ್ನ ಕೆಲಸ ನಂದು ಅಂತ ಒಬ್ಬ ಮನುಷ್ಯ ಕಣ್ಣುಬಿಟ್ಟು ನೋಡಿದ್ದು ಇವತ್ತೇ ಮೊದಲು. ನೋಡೋಕೆ ಅದು ಎಲ್ಲಿದೆಯೋ?"